ದರ ಏರಿದಾಗ ಲೆಕ್ಕ ತೆರೆದಿಡಿ

ಇಂದು ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆಯುತ್ತಿರುವ ಯುವಮಿತ್ರರೇ,

ನಿಮ್ಮಲ್ಲಿ ಹಲವರು ನಾಳೆ ಗುತ್ತಿಗೆದಾರರಾಗಿ ಜನರ ಮನೆ ಕಟ್ಟಲಿದ್ದೀರಿ. ತೊಲೆ, ಕಂಬಗಳ ಲೆಕ್ಕ ನಿಮಗೆ ಗೊತ್ತಿದೆ. ಸಾಮಗ್ರಿಯ ದರ ಬದಲಾದಾಗ ಮನೆಯ ಯಜಮಾನರಿಗೆ ಒಪ್ಪಿಸಬೇಕಾದ ಲೆಕ್ಕದ ಬಗ್ಗೆ ನಾನಿಂದು ಹೇಳಬೇಕಾಗಿದೆ.

2022ನ್ನು ನೆನಪಿಸಿಕೊಳ್ಳಿ. ಉಕ್ರೇನಿನಲ್ಲಿ ಯುದ್ಧ ಶುರುವಾದ ಮೇಲೆ ನಮ್ಮಲ್ಲಿ ಕಬ್ಬಿಣದ ದರ ಏರಿತು. ಅದನ್ನು ತಗ್ಗಿಸಲು ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹಲವು ಉಕ್ಕಿನ ಉತ್ಪನ್ನಗಳಿಗೆ ಶೇ 15ರಷ್ಟು ರಫ್ತು ಸುಂಕ ಹಾಕಿತು. ನವೆಂಬರ್‌ನಲ್ಲಿ ಅದನ್ನು ತೆಗೆಯಿತು. ಒಂದು ಮನೆಯ ಪಾಯ ತೆಗೆದು ಗೃಹಪ್ರವೇಶ ಮಾಡುವಷ್ಟರೊಳಗೆ ಇಷ್ಟೆಲ್ಲ ನಡೆದುಹೋಯಿತು. ದರ ನಮ್ಮ ಕೈಯಲ್ಲಿಲ್ಲ. ಅದನ್ನು ಹೇಗೆ ತಿಳಿಸುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಚದರಡಿಗೆ ಇಷ್ಟು ಎಂದು ಒಪ್ಪಿಕೊಂಡವರು ದರ ಏರಿದಾಗ ಎರಡು ತಪ್ಪು ದಾರಿ ಹಿಡಿಯುವುದುಂಟು. ಕೆಲವರು ಬಾಯಿ ಬಿಡದೆ ಕಂಬಿಯ ಗಾತ್ರ ಇಳಿಸುತ್ತಾರೆ, ಸಿಮೆಂಟ್ ಕಡಿಮೆ ಮಾಡುತ್ತಾರೆ. ಕೆಲವರು ಅರ್ಧಕ್ಕೆ ಕೆಲಸ ನಿಲ್ಲಿಸಿ, "ಚದರಡಿಗೆ ಇನ್ನೂರು ಹೆಚ್ಚು ಕೊಡಿ" ಎನ್ನುತ್ತಾರೆ. ಮೊದಲನೆಯದು ಮೋಸ. ಎರಡನೆಯದರಲ್ಲಿ ನ್ಯಾಯವಿದ್ದರೂ ಅದು ಮೋಸದಂತೆಯೇ ಕಾಣುತ್ತದೆ.

ಲೆಕ್ಕ ಬಿಡಿಸಿ ನೋಡಿ. 1,200 ಚದರಡಿ ಮನೆಗೆ ಸುಮಾರು ನಾಲ್ಕು ಟನ್ ಕಬ್ಬಿಣ ಎಂದುಕೊಳ್ಳೋಣ. ಕಿಲೋಗೆ 10 ರೂಪಾಯಿ ಏರಿದರೆ ಹೊರೆ 40,000 ರೂಪಾಯಿ. ಚದರಡಿಗೆ 33 ರೂಪಾಯಿ ಚಿಲ್ಲರೆ. ಇದನ್ನು ಅಂಗಡಿ ಬಿಲ್ಲಿನೊಂದಿಗೆ ಮುಂದಿಟ್ಟರೆ ಯಜಮಾನರು ಚರ್ಚಿಸಿಯಾರು, ಅನುಮಾನಪಡಲಾರರು. ಬರೀ "ಇನ್ನೂರು" ಎಂದರೆ ನಂಬಿಕೆ ಅಲ್ಲೇ ಮುರಿಯುತ್ತದೆ.

ಸರ್ಕಾರದ ದೊಡ್ಡ ಕಾಮಗಾರಿಗಳ ಕರಾರಿನಲ್ಲಿ ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ದರ ಹೊಂದಿಸುವ ಷರತ್ತು ಇರುತ್ತದೆ. ಮನೆಯ ಕರಾರಿನಲ್ಲೂ ಅದನ್ನು ಸರಳವಾಗಿ ಬರೆಯಿರಿ: ಸಹಿ ಹಾಕಿದ ದಿನ ಕಬ್ಬಿಣ, ಸಿಮೆಂಟ್, ಎಂ-ಸ್ಯಾಂಡ್, ಜಲ್ಲಿಯ ದರ ಎಷ್ಟು, ಬೇಕಾಗುವ ಪ್ರಮಾಣ ಎಷ್ಟು, ಎಷ್ಟು ಏರಿದರೆ ಯಾರು ಭರಿಸಬೇಕು. ನಿಮ್ಮ ಕೂಲಿ ಮತ್ತು ಲಾಭವನ್ನು ಬೇರೆ ಸಾಲಿನಲ್ಲಿ ಧೈರ್ಯವಾಗಿ ತೋರಿಸಿ. ನ್ಯಾಯವಾದ ಲಾಭಕ್ಕೆ ನಾಚಬೇಕಿಲ್ಲ.

ಆ ಷರತ್ತು ಇಳಿಕೆಗೂ ಅನ್ವಯಿಸಲಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮೂಲ ಬೆಲೆ 300 ರೂಪಾಯಿಯ ಚೀಲವೆಂದರೆ, ತೆರಿಗೆಯಲ್ಲೇ 30 ರೂಪಾಯಿ ಉಳಿತಾಯ. ಕೇಳುವ ಮೊದಲೇ ಆ ಉಳಿತಾಯವನ್ನು ಹೇಳಿದವನ ಮಾತನ್ನು, ದರ ಏರಿದ ದಿನವೂ ಜನ ನಂಬುತ್ತಾರೆ.

ಇನ್ನು, ಪ್ಲಾಸ್ಟರಿಂಗ್ ಆದ ಮೇಲೆ ನಿಮ್ಮ ಒಳ್ಳೆಯ ಕೆಲಸ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಮೊದಲೇ ತೋರಿಸಿ. 12 ಎಂಎಂ ಕಂಬಿ ಮೀಟರಿಗೆ ಸುಮಾರು 0.89 ಕಿಲೋ ತೂಗಬೇಕು. ಯಜಮಾನರ ಎದುರಿಗೇ ತೂಗಿಸಿ. ಮೋಲ್ಡ್ ಹಾಕುವ ಮುಂಚೆ ಅವರನ್ನು ಮೇಲೆ ಕರೆದು ಕಂಬಿ ಕಟ್ಟಿದ್ದನ್ನು ತೋರಿಸಿ, ಫೋಟೊ ತೆಗೆದುಕೊಡಿ. ಪಿಪಿಸಿ ಸಿಮೆಂಟ್ ಬಳಸಿದರೆ ಐಎಸ್ 456ರ ಪ್ರಕಾರ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, ಬಿಸಿಲಿನ ಕಾಲದಲ್ಲಿ 14 ದಿನ ಒಳ್ಳೆಯದು ಎಂದು ತಿಳಿಸಿ. ತಾವು ಕೊಟ್ಟ ಹಣ ಎಲ್ಲಿ ಹೋಯಿತೆಂದು ಕಣ್ಣಾರೆ ಕಂಡವರು ಅಗ್ಗದ ಕೊಟೇಶನ್ನಿಗೆ ಸುಲಭವಾಗಿ ಮರುಳಾಗುವುದಿಲ್ಲ.

ಮಿತ್ರರೇ, ನಿಮ್ಮ ಕೈಗೆ ಬರುವುದು ಬ್ಯಾಂಕ್ ಸಾಲದ ಹಣ, ನಿವೃತ್ತಿಯ ಹಣ, ಒಡವೆ ಅಡವಿಟ್ಟು ತಂದ ಹಣ. ಅದನ್ನು ಕೊಡುವವರಿಗೆ ಕಾರಣ ಕೇಳುವ ಹಕ್ಕಿದೆ. ಕಾರಣ ಹೇಳುವುದು ನಿಮ್ಮ ವೃತ್ತಿಯ ಭಾಗ. ಕೆಟ್ಟ ಸುದ್ದಿಯನ್ನು ಬೇಗ ಹೇಳಿ, ಬರವಣಿಗೆಯಲ್ಲಿ ಹೇಳಿ, ಅಂಕಿಗಳೊಂದಿಗೆ ಹೇಳಿ. ಗಟ್ಟಿಯಾಗಿ ಕಟ್ಟಿರಿ, ನ್ಯಾಯವಾಗಿ ಗಳಿಸಿರಿ.