ರೋಹಿಣಿಯ ಮನೆಯಲ್ಲಿ ಚಂದ್ರ

ದಕ್ಷನ 27 ಹೆಣ್ಣುಮಕ್ಕಳನ್ನು ಚಂದ್ರ ಮದುವೆಯಾದ ಕಥೆ ನಿಮಗೆ ಗೊತ್ತು. ಅಶ್ವಿನಿ, ಭರಣಿ, ಕೃತ್ತಿಕೆ, ಎಲ್ಲರೂ ಇದ್ದರು. ಆದರೆ ಚಂದ್ರ ರೋಹಿಣಿಯ ಮನೆ ಬಿಟ್ಟು ಕದಲಲಿಲ್ಲ. ಉಳಿದವರು ಅಪ್ಪನ ಹತ್ತಿರ ದೂರು ಹೇಳಿದರು. ದಕ್ಷ ಶಪಿಸಿದ, ಚಂದ್ರ ಸವೆಯತೊಡಗಿದ.

ಆ ಹೆಣ್ಣುಮಕ್ಕಳೆಲ್ಲ ನಕ್ಷತ್ರಗಳು. ಆ 27 ಸುಮ್ಮನೆ ಬಂದದ್ದಲ್ಲ. ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು ಚಂದ್ರನಿಗೆ 27 ದಿನ, ಮೇಲೊಂದಿಷ್ಟು ಗಂಟೆ ಬೇಕು. ದಿನಕ್ಕೊಂದು ಮನೆ.

ಸರಿ, ರೋಹಿಣಿಯ ಮೇಲೇಕೆ ಅಷ್ಟು ಒಲವು? ಚಂದ್ರನ ದಾರಿ ವರ್ಷದಿಂದ ವರ್ಷಕ್ಕೆ ತುಸು ಸರಿಯುತ್ತದೆ. ಸುಮಾರು 18.6 ವರ್ಷಕ್ಕೊಮ್ಮೆ ಅದು ರೋಹಿಣಿಯ ಮೇಲೆಯೇ ಹಾಯುತ್ತದೆ. ಆಗ ಮೂರೂವರೆ ವರ್ಷ, ತಿಂಗಳು ತಿಂಗಳೂ, ಭೂಮಿಯ ಯಾವುದೋ ಒಂದು ಭಾಗದವರಿಗೆ ಆ ನಕ್ಷತ್ರ ಚಂದ್ರನ ಹಿಂದೆ ಮರೆಯಾಗುತ್ತದೆ. 2015ರಿಂದ 2018ರವರೆಗೆ ಹೀಗಾಗಿತ್ತು. ಕೆಂಪು ಚುಕ್ಕೆ ಚಂದ್ರನ ಅಂಚಿಗೆ ಬರುತ್ತದೆ. ಮಸುಕಾಗುವುದೂ ಇಲ್ಲ, ದೀಪ ಆರಿದ ಹಾಗೆ ತಟ್ಟನೆ ಕಾಣೆ! ಆಮೇಲೆ ಆಚೆ ಬದಿಯಲ್ಲಿ ಹಾಜರು. ಪಾಪ, ಇನ್ನೊಬ್ಬ ಹೆಂಡತಿ ಸ್ವಾತಿಯ ಹತ್ತಿರಕ್ಕೂ ಅವನು ಸುಳಿಯುವುದಿಲ್ಲ.

ಹಾಗಂತ ಇಡೀ ಕಥೆ ಆಕಾಶದ ದಾಖಲೆ ಎನ್ನಲಾರೆ. ಮಘಾ, ಚಿತ್ತಾ, ಜ್ಯೇಷ್ಠೆಯರನ್ನೂ ಚಂದ್ರ ಹೀಗೇ ಮರೆಮಾಡುತ್ತಾನೆ. ಅವರ ಸುದ್ದಿಯನ್ನು ಕಥೆ ಎತ್ತುವುದೇ ಇಲ್ಲ. ಆದರೆ ರಾತ್ರಿಯಿಡೀ ಕತ್ತೆತ್ತಿ ನೋಡಿದವರಲ್ಲದೆ ಬೇರೆಯವರು ಇದನ್ನು ಕಟ್ಟಿರಲಾರರು.

ಡಿಸೆಂಬರ್‌ನಲ್ಲಿ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ನೋಡಿ. ಒಂದೇ ಸಾಲಿನಲ್ಲಿ ಮೂರು ಚುಕ್ಕೆ ಕಾಣುತ್ತವೆ. ಆ ಸಾಲನ್ನೇ ಹಿಡಿದು ಮೇಲೆ ಹೋದರೆ ಸಿಗುವ ಕೆಂಪು ನಕ್ಷತ್ರವೇ ರೋಹಿಣಿ. ಮನೆಯ ಮಕ್ಕಳಿಗೂ ತೋರಿಸಿ.