ತಂಗಳಿಗೆ ಒಗ್ಗರಣೆ

(ಮಹಿಳಾ ಸಮಾಜವೊಂದರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಉಳಿದ ಅಡುಗೆಯಿಂದ ಹೊಸ ಅಡುಗೆ ಮಾಡುವುದನ್ನು ಕುರಿತು ಮಾತನಾಡಬೇಕೆಂದು ಕೇಳಿದ್ದೀರಿ. ಇಲ್ಲಿ ಕುಳಿತಿರುವ ಹಲವರು ಈ ವಿದ್ಯೆಯಲ್ಲಿ ನನಗೆ ಗುರುಗಳು. ಆದ್ದರಿಂದ ಪಾಕದ ಮಾತಿಗೆ ಮೊದಲು ಪದಗಳಿಂದ ಆರಂಭಿಸುತ್ತೇನೆ.

ಎಂಜಲು, ಮುಸುರೆ, ತಂಗಳು ಎಂಬ ಮೂರು ಮಾತುಗಳು ನಮ್ಮಲ್ಲಿವೆ. ಬಾಯಿ ಸೋಕಿದ್ದು ಎಂಜಲು. ಬೇಯಿಸಿದ ಅನ್ನ, ಸಾರುಗಳ ಸೋಂಕು ಮುಸುರೆ. ತಂಗಳೆಂದರೆ ಒಂದು ರಾತ್ರಿ ಕಳೆದ ಆಹಾರ, ಅಷ್ಟೆ. ಆದರೆ ಭಗವದ್ಗೀತೆಯ 17ನೆಯ ಅಧ್ಯಾಯ ರಾತ್ರಿ ಕಳೆದ ಆಹಾರವನ್ನು ತಾಮಸದ ಪಟ್ಟಿಗೆ ಸೇರಿಸಿದೆ. ಅನೇಕ ಮಡಿವಂತರ ಮನೆಗಳಲ್ಲಿ ತಂಗಳು ಹಿತ್ತಿಲ ಬಾಗಿಲಿಗೆ ಹೋಗುತ್ತಿತ್ತು. ಕಲಗಚ್ಚಿನ ಬಾನಿಗೆ, ಇಲ್ಲವೇ ಕೆಲಸಕ್ಕೆ ಬಂದವರ ಬೊಗಸೆಗೆ. ಹೀಗೆ, ಯಾರು ಬಿಸಿ ಉಣ್ಣುತ್ತಾರೆ, ಯಾರು ತಂಗಳು ಉಣ್ಣುತ್ತಾರೆ ಎಂಬುದು ಊರಿನಲ್ಲಿ ಅವರವರ ಸ್ಥಾನವನ್ನೂ ಹೇಳುತ್ತಿತ್ತು.

12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಜನವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನೇ ಬರೆದ. ಆದರೆ ತಂಗಳಿನ ಪಾಕ ಕಲಿಯಲು ನಮ್ಮ ಅಜ್ಜಿಯರು ಯಾವ ಗ್ರಂಥವನ್ನೂ ತೆರೆದವರಲ್ಲ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಒಲೆಯ ಮುಂದೆಯೇ ದಾಟಿ ಬಂದ ವಿದ್ಯೆ.

ರಾಗಿ ಸೀಮೆಯಲ್ಲಿ ರಾತ್ರಿಯ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ಕುಡಿದು ಹೊಲಕ್ಕೆ ಹೋಗುತ್ತಾರೆ. ಜೋಳದ ಸೀಮೆಯಲ್ಲಿ ನಿನ್ನೆಯ ರೊಟ್ಟಿಯನ್ನು ಮುರಿದು, ನೀರು ಚಿಮುಕಿಸಿ, ಈರುಳ್ಳಿಯ ಒಗ್ಗರಣೆಗೆ ಹಾಕಿ ಬಾಡಿಸಿದರೆ ಉಪಾಹಾರ ಸಿದ್ಧ. ಮಲೆನಾಡಿನಲ್ಲಿ ಉಳಿದ ಅನ್ನವನ್ನು ಅಕ್ಕಿಹಿಟ್ಟಿನ ಜೊತೆ ನಾದಿ ರೊಟ್ಟಿ ತಟ್ಟುತ್ತಾರೆ. ಗೋಧಿಯಲ್ಲಿರುವಂಥ ಜಿಗುಟು ಅಕ್ಕಿಹಿಟ್ಟಿಗಿಲ್ಲ. ಬೆಂದ ಅನ್ನದ ಪಿಷ್ಟ ಆ ಹಿಟ್ಟನ್ನು ಹಿಡಿದಿಡುತ್ತದೆ, ರೊಟ್ಟಿ ಮೆತ್ತಗಾಗುತ್ತದೆ. ಹುಳಿ ಹೆಚ್ಚಾದ ದೋಸೆಹಿಟ್ಟು ಪಡ್ಡಿನ ಕಾವಲಿಗೆ ಬೀಳುತ್ತದೆ. ಬೇಸಿಗೆಯಾದರೆ ಅನ್ನ ಸಂಡಿಗೆಯಾಗಿ ಮಳೆಗಾಲಕ್ಕೆ ಕಾಯುತ್ತದೆ. ಹೋಳಿಗೆಗೆಂದು ಬೇಳೆ ಬೇಯಿಸಿ ಬಸಿದ ಕಟ್ಟು, ಒಂದು ಹಿಡಿ ಹೂರಣ ಸೇರಿ ಸಾರಾಗುತ್ತದೆ. ಆ ಸಾರಿನ ರುಚಿ ಹಬ್ಬದ ಮರುದಿನವೇ ಹೆಚ್ಚೆನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ.

ಇನ್ನು ಚಿತ್ರಾನ್ನ. ತಣಿದ ಅನ್ನದಲ್ಲಿ ಪಿಷ್ಟ ಬಿಗಿಯಾಗಿ ಅಗುಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಬೆಯಾಡುವ ಅನ್ನಕ್ಕೆ ಒಗ್ಗರಣೆ ಕಲಸಿ ನೋಡಿ, ಮುದ್ದೆಯಾಗುತ್ತದೆ. ಈ ಅಡುಗೆಯ ಮಟ್ಟಿಗೆ ತಂಗಳೇ ಮೇಲು.

ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬೆಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನವನ್ನು ಬಹಳ ಹೊತ್ತು ಬೆಚ್ಚಗೆ ಬಿಟ್ಟರೆ ಅವು ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ವಾಸನೆ ನೋಡಿ ಸರಿಯಾಗಿದೆ ಎನ್ನುವಂತಿಲ್ಲ. ಉಳಿಯುವ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಮರುದಿನವೇ ಬಳಸಿ ಮುಗಿಸಿ.

ಈ ಮಿತವ್ಯಯ ಹಳೆಯ ಕಾಲದ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡ 60ರಷ್ಟು ಮನೆಗಳಿಂದ ಹೋದದ್ದು.

ಆದರೆ ಅನ್ನವನ್ನು ಉಳಿಸುವ ಈ ಹೊಣೆ ಯಾರ ತಲೆಯ ಮೇಲೆ ಬಿದ್ದಿತ್ತು? ಗಂಡಸರು, ಮಕ್ಕಳು, ನೆಂಟರು ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿದ್ದುದನ್ನು ಬಳಿದು ಉಂಡವಳು ಮನೆಯಾಕೆ. ನಿನ್ನೆಯ ಅನ್ನ ಮೊದಲು ಬೀಳುತ್ತಿದ್ದುದು ಅವಳ ತಟ್ಟೆಗೆ. "ನನಗೆ ತಂಗಳೇ ಇಷ್ಟ" ಎಂದು ಅವಳು ಹೇಳುತ್ತಿದ್ದಳು, ನಾವು ನಂಬುತ್ತಿದ್ದೆವು. ಅನ್ನ ಚೆಲ್ಲಬಾರದೆಂಬ ನಮ್ಮ ಸಂಸ್ಕೃತಿಯ ಹಿರಿಮೆಯಲ್ಲಿ ಅವಳ ಹಸಿವಿನ ಪಾಲೂ ಇದೆ.

ಇಂದು ಹಿತ್ತಿಲ ಬಾಗಿಲು ಇಲ್ಲದ ಮನೆಗಳಲ್ಲಿಯೂ ಆ ಪದ್ಧತಿ ಉಳಿದಿದೆ. ಮೂರು ದಿನ ಫ್ರಿಜ್ಜಿನಲ್ಲಿದ್ದ ಪಲ್ಯ ಮನೆಯವರಿಗೆ ಬೇಡವಾದಾಗ ಡಬ್ಬಿಗೆ ಸೇರಿ ಕೆಲಸದಾಕೆಯ ಕೈಗೆ ಹೋಗುತ್ತದೆ. ನಾವು ಅದನ್ನು ದಾನವೆಂದುಕೊಳ್ಳುತ್ತೇವೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ನಾಳೆ ಬೆಳಿಗ್ಗೆ ಉಳಿದ ಅನ್ನಕ್ಕೆ ಸಾಸಿವೆ, ಕಡಲೆಬೇಳೆ, ಕರಿಬೇವು ಸಿಡಿಸಿ, ಅರಿಶಿನ ಹಾಕಿ, ನಿಂಬೆಹಣ್ಣು ಹಿಂಡಿ. ಅದನ್ನು ಯಜಮಾನರಿಗೂ ಮಕ್ಕಳಿಗೂ ಬಡಿಸಿ, ಕೆಲಸಕ್ಕೆ ಬಂದಾಕೆಗೂ ಅದೇ ಹೊತ್ತಿಗೆ ಅದೇ ಬಗೆಯ ತಟ್ಟೆಯಲ್ಲಿ ಕೊಡಿ, ನೀವೂ ಜೊತೆಯಲ್ಲಿ ಕುಳಿತು ತಿನ್ನಿ. ನಿನ್ನೆಯ ಅನ್ನ ಇಂದಿನ ಊಟವಾಗಬೇಕಾದರೆ ಒಗ್ಗರಣೆಯ ಜೊತೆಗೆ ಇದೂ ಬೇಕು.