ಸೂಜಿ ಚುಚ್ಚುವ ಮುನ್ನ: ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿನ ಸುರಕ್ಷಿತ ಬಳಕೆ

(ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳು ಹಾಗೂ ಶುಶ್ರೂಷಾಧಿಕಾರಿಗಳಿಗೆ ನೀಡಿದ ಉಪನ್ಯಾಸದ ಪಠ್ಯ)



ಆರೋಗ್ಯ ಕೇಂದ್ರದ ಔಷಧ ಕಪಾಟಿನಲ್ಲಿರುವ ಸೆಫ್ಟ್ರಿಯಾಕ್ಸೋನ್ ವಯಲ್ ನೋಡಲು ಚಿಕ್ಕದು. ಅದರೊಡನೆ ಬರುವ ಹೊಣೆ ದೊಡ್ಡದು. ಮಿದುಳು ಪೊರೆಯ ಉರಿಯೂತ, ರಕ್ತಕ್ಕೆ ಹಬ್ಬಿದ ನಂಜು, ತೀವ್ರ ನ್ಯುಮೋನಿಯಾ, ಉಲ್ಬಣಿಸಿದ ಟೈಫಾಯಿಡ್, ಇಲಿಜ್ವರ ಮುಂತಾದವುಗಳಲ್ಲಿ ಅದು ಜೀವ ಉಳಿಸಬಲ್ಲದು. ಅದೇ ಔಷಧ ಸಲ್ಲದ ರೋಗಿಗೆ, ಸಲ್ಲದ ದ್ರಾವಣದೊಡನೆ ಸೇರಿದರೆ ಜೀವಕ್ಕೇ ಎರವಾದೀತು. ಈ ಎರಡರ ನಡುವೆ ಇರುವುದು ಸೂಜಿ ಚುಚ್ಚುವ ಮುನ್ನಿನ ಕೆಲವೇ ನಿಮಿಷಗಳ ವಿಚಾರಣೆ.

ಮೊದಲನೆಯದು, ಅಗತ್ಯದ ಪ್ರಶ್ನೆ. ನೆಗಡಿ, ಡೆಂಗೀ, ಮಂಗನ ಕಾಯಿಲೆಗಳು ವೈರಾಣುಗಳಿಂದ ಬರುವಂಥವು. ಅವುಗಳ ಮೇಲೆ ಈ ಔಷಧ ಕೆಲಸ ಮಾಡದು. ಸ್ಕ್ರಬ್ ಟೈಫಸ್‌ಗೆ ಬೇಕಾದುದು ಡಾಕ್ಸಿಸೈಕ್ಲಿನ್. "ಒಂದು ಸೂಜಿ ಹಾಕಿಬಿಡಿ" ಎಂಬ ಒತ್ತಾಯಕ್ಕೆ ಮಣಿದು ಕೊಟ್ಟ ಪ್ರತಿಯೊಂದು ಡೋಸೂ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧದ ಪಾಠ ಕಲಿಸುತ್ತದೆ. ಆದರೆ ಮಿದುಳು ಪೊರೆಯ ಉರಿಯೂತದ ಬಲವಾದ ಶಂಕೆಯಿದ್ದಾಗ ವಿಳಂಬ ಸಲ್ಲದು. ವೈದ್ಯರ ಸೂಚನೆಯಂತೆ ಮೊದಲ ಡೋಸ್ ನೀಡಿಯೇ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಉಚಿತ.

ಎರಡನೆಯದು, ಅಲರ್ಜಿಯ ಪ್ರಶ್ನೆ. ಈ ಹಿಂದೆ ಯಾವುದೇ ಚುಚ್ಚುಮದ್ದು ಅಥವಾ ಮಾತ್ರೆಯಿಂದ ಮೈಮೇಲೆ ದದ್ದು, ಮುಖದ ಊತ, ಉಸಿರಾಟದ ತೊಂದರೆ ಆಗಿತ್ತೇ ಎಂದು ರೋಗಿಗೆ ಅರ್ಥವಾಗುವ ಮಾತಿನಲ್ಲಿ ಕೇಳಬೇಕು. ಸೆಫಲೋಸ್ಪೊರಿನ್ ಗುಂಪಿನ ಔಷಧದಿಂದ ತೀವ್ರ ಅಲರ್ಜಿ ಆಗಿದ್ದವರಿಗೆ ಇದನ್ನು ನೀಡಬಾರದು. ಪೆನಿಸಿಲಿನ್‌ನಿಂದ ಆಗಿದ್ದಲ್ಲಿ ವೈದ್ಯರೇ ನಿರ್ಧರಿಸಬೇಕು. ಚರ್ಮದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂಬುದು ಅಭಯವಲ್ಲ.

ಮೂರನೆಯದು, ದ್ರಾವಣದ ಪ್ರಶ್ನೆ. ಸ್ನಾಯುವಿನ ನೋವು ತಗ್ಗಿಸಲು ಲಿಗ್ನೊಕೇನ್‌ನಲ್ಲಿ ಕರಗಿಸಿದ ಔಷಧವನ್ನು ಎಂದಿಗೂ ರಕ್ತನಾಳಕ್ಕೆ ಕೊಡಬಾರದು. ರಕ್ತನಾಳಕ್ಕಾದರೆ 1 ಗ್ರಾಂ ಔಷಧವನ್ನು 10 ಮಿ.ಲೀ. ಶುದ್ಧೀಕೃತ ಚುಚ್ಚುಮದ್ದಿನ ನೀರಿನಲ್ಲಿ ಕರಗಿಸಿ, 2ರಿಂದ 4 ನಿಮಿಷಗಳ ಕಾಲ ನಿಧಾನವಾಗಿ ನೀಡಬೇಕು. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದರೊಡನೆ ಬೆರೆಸಬಾರದು, ಬೆರೆತರೆ ಹರಳುಗಟ್ಟುತ್ತದೆ. 28 ದಿನ ತುಂಬದ ಶಿಶುವಿಗೆ ರಕ್ತನಾಳದ ಮೂಲಕ ಕ್ಯಾಲ್ಸಿಯಂ ಕೊಡುತ್ತಿದ್ದರೆ, ಬೇರೆ ಸೂಜಿಯಿಂದಲೂ ಈ ಔಷಧ ಸಲ್ಲದು. ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಹರಳು ಕೂತು ನವಜಾತ ಶಿಶುಗಳು ಮೃತಪಟ್ಟ ಪ್ರಕರಣಗಳು ದಾಖಲಾಗಿವೆ. ಕಾಮಾಲೆಯಿರುವ ನವಜಾತ ಶಿಶುವಿಗೂ, ಅವಧಿಗೆ ಮುನ್ನ ಹುಟ್ಟಿದ ಕೂಸಿಗೂ ಇದು ವರ್ಜ್ಯ.

ಕೊನೆಯದು, ಸಿದ್ಧತೆ. ಅಡ್ರಿನಲಿನ್ ಬೀಗದೊಳಗಿದ್ದರೆ ಪ್ರಯೋಜನವಿಲ್ಲ; ಅದು ಕೈಗೆಟುಕುವಲ್ಲಿ ಇರಬೇಕು. ಚುಚ್ಚಿದ ಬಳಿಕ ಕನಿಷ್ಠ ಅರ್ಧ ಗಂಟೆ ರೋಗಿಯ ಮೇಲೆ ನಿಗಾ ಇರಲಿ. ಉಸಿರು ಕಟ್ಟಿದರೆ, ರಕ್ತದೊತ್ತಡ ಕುಸಿದರೆ ಔಷಧ ನಿಲ್ಲಿಸಿ, ವಯಸ್ಕರಿಗೆ ಒಂದಕ್ಕೆ ಸಾವಿರ ಪ್ರಮಾಣದ ಅಡ್ರಿನಲಿನ್ 0.5 ಮಿ.ಲೀ. ಅನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ತಕ್ಷಣ ನೀಡಿ, ವೈದ್ಯರನ್ನೂ ಆಂಬ್ಯುಲೆನ್ಸನ್ನೂ ಕರೆಸಬೇಕು.

ಹೊರರೋಗಿಗಳ ಸಾಲು ಉದ್ದವಿದ್ದ ದಿನವೇ ಈ ಪ್ರಶ್ನೆಗಳು ಮರೆಯುವುದು. ಆ ದಿನವೂ ಕೇಳುವ ಅಭ್ಯಾಸವೇ ರೋಗಿಗೆ ದೊರೆಯುವ ನಿಜವಾದ ರಕ್ಷಣೆ. ಕೇಳಿದ್ದನ್ನೂ ಕೊಟ್ಟದ್ದನ್ನೂ ಸಮಯಸಹಿತ ದಾಖಲಿಸಿದಾಗ, ಮುಂದಿನ ಪಾಳಿಯವರಿಗೂ ಆ ರಕ್ಷಣೆ ಕೈದಾಟುತ್ತದೆ.